ಸೋಲಾರ್ ಇದ್ದರೂ ಕರೆಂಟ್ ಬಿಲ್ ಸೊನ್ನೆ ಆಗಲ್ಲ ಯಾಕೆ? ಲೆಕ್ಕ ಹಾಕುವುದು ಹೀಗೆ

ತಾರಸಿ ಮೇಲೆ ಪ್ಯಾನೆಲ್ ಕೂತಾಯಿತು. ಹೊಸ ಮೀಟರೂ ಬಂತು. ಇನ್ನು ಬಿಲ್ ಕಟ್ಟುವ ಗೋಜಿಲ್ಲ ಎಂದುಕೊಳ್ಳುತ್ತೀರಿ. ತಿಂಗಳಾದ ಮೇಲೆ ಬಿಲ್ ನೋಡಿದರೆ ನಿವ್ವಳ ಬಳಕೆ (ಲೈನ್‌ನಿಂದ ತಗೊಂಡದ್ದರಲ್ಲಿ ನೀವು ವಾಪಸ್ ಕೊಟ್ಟದ್ದನ್ನು ಕಳೆದರೆ ಉಳಿಯುವುದು) ಸೊನ್ನೆ ಯೂನಿಟ್, ಕಟ್ಟಬೇಕಾದ ಹಣ ಮಾತ್ರ ಸೊನ್ನೆ ಅಲ್ಲ! ಮೀಟರ್ ಕೆಟ್ಟಿರಬೇಕು ಎಂದು ದೂರು ಕೊಡಲು ಹೊರಡುವ ಮುಂಚೆ ಬಿಲ್‌ನ ಸಾಲುಗಳನ್ನು ಒಂದೊಂದಾಗಿ ಓದಿ. ಪ್ಯಾನೆಲ್ ಇನ್ನೂ ಹಾಕಿಸಿಲ್ಲವೇ? ಹಾಗಾದರೆ ಈ ಲೆಕ್ಕ ನಿಮಗೇ ಜಾಸ್ತಿ ಉಪಯೋಗ.

ಮೊದಲ ಕೆಲಸ, ಹೆಸರು ಗುರುತಿಸುವುದು. ಯೂನಿಟ್ ಬಳಸದಿದ್ದರೂ ಕಟ್ಟಬೇಕಾದ ಹಣ ಎರಡು ಬಗೆಯಲ್ಲಿ ಬರುತ್ತದೆ. ಒಂದು ನಿಗದಿತ ಶುಲ್ಕ, ಇನ್ನೊಂದು ಕನಿಷ್ಠ ಶುಲ್ಕ. ಬಹಳ ಜನ ಎರಡೂ ಒಂದೇ ಎಂದುಕೊಂಡಿದ್ದಾರೆ. ಪ್ಯಾನೆಲ್ ಮಾರುವವರಲ್ಲೂ ಕೆಲವರು ಹಾಗೇ ಹೇಳಿಬಿಡುತ್ತಾರೆ. ಒಂದೇ ಅಲ್ಲ.

ನಿಗದಿತ ಶುಲ್ಕ ಯೂನಿಟ್ ಹಣದ ಜೊತೆಗೆ ಪ್ರತಿ ತಿಂಗಳೂ ಕೂಡುತ್ತದೆ. ಕನಿಷ್ಠ ಶುಲ್ಕ ಹಾಗಲ್ಲ. ನಿಮ್ಮ ಬಿಲ್ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂದು ಎಳೆದ ಗೆರೆ ಅದು. ಬಿಲ್ ಗೆರೆ ದಾಟಿದರೆ ಆ ಶುಲ್ಕ ಮಾಯ.

ಹಣದ ಹೆಸರು ಬಿಡಿ, ಬರೀ ಅಂಕಿಯಲ್ಲಿ ನೋಡೋಣ. ಯೂನಿಟ್ ದರ 5, ಶುಲ್ಕ 200 ಎಂದುಕೊಳ್ಳಿ. ಈ ತಿಂಗಳು ಗ್ರಿಡ್‌ನಿಂದ, ಅಂದರೆ ಕರೆಂಟ್ ಕಂಪನಿಯ ಲೈನ್‌ನಿಂದ, ನಿವ್ವಳ 10 ಯೂನಿಟ್ ತಗೊಂಡಿದ್ದೀರಿ, ಅಂದರೆ 50. ಆ 200 ನಿಗದಿತ ಶುಲ್ಕವಾಗಿದ್ದರೆ ಬಿಲ್ 250. ಕನಿಷ್ಠ ಶುಲ್ಕವಾಗಿದ್ದರೆ 200. ಮುಂದಿನ ತಿಂಗಳು 60 ಯೂನಿಟ್ ತಗೊಂಡರೆ, ಅಂದರೆ 300ರಷ್ಟಾದರೆ, ಮೊದಲನೆಯದರಲ್ಲಿ ಬಿಲ್ 500, ಎರಡನೆಯದರಲ್ಲಿ ಬರೀ 300.

ಇವೆರಡೂ ಅಲ್ಲದೆ ಡಿಮ್ಯಾಂಡ್ ಶುಲ್ಕ ಎಂಬುದೂ ಕೆಲವು ಕಡೆ ಇದೆ. ತಿಂಗಳಲ್ಲಿ ಯಾವುದೋ 15 ಅಥವಾ 30 ನಿಮಿಷ ನೀವು ಅತಿ ಹೆಚ್ಚು ಎಳೆದ ಕಿಲೋವ್ಯಾಟ್ ಮೇಲೆ ಅದರ ಲೆಕ್ಕ. ಮನೆಗಳಿಗೆ ಇದನ್ನು ಹಾಕುವುದು ಕಡಿಮೆ.

ಈಗ ಮುಖ್ಯ ವಿಷಯ. ನಿಮ್ಮದು ಕನಿಷ್ಠ ಶುಲ್ಕವಾದರೆ ಅದನ್ನು ಯೂನಿಟ್ ದರದಿಂದ ಭಾಗಿಸಿ. 200 ಭಾಗಿಸು 5, ಅಂದರೆ 40. ಪ್ರತಿ ತಿಂಗಳೂ ಗ್ರಿಡ್‌ನಿಂದ 40 ಯೂನಿಟ್ ತಗೊಂಡರೂ ಅದೇ 200, ಒಂದೂ ತಗೊಳ್ಳದಿದ್ದರೂ ಅದೇ 200. ಆ 40 ಯೂನಿಟ್‌ಗೆ ಹೇಗೂ ಹಣ ಕೊಟ್ಟಾಗಿದೆ. ಅದನ್ನೂ ಬಿಸಿಲಿನಿಂದಲೇ ತೆಗೆಯಲು ಹೊರಟರೆ ಒಂದೇ ಸರಕಿಗೆ ಎರಡು ಸಲ ದುಡ್ಡು ಕೊಟ್ಟಂತೆ, ಅಲ್ವಾ?

ತಿಂಗಳಿಗೆ 300 ಯೂನಿಟ್ ಬಳಸುವ ಮನೆ ಎನ್ನಿ. ಒಳ್ಳೆ ಬಿಸಿಲಿರುವ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ತಿಂಗಳಿಗೆ 120. ಪೂರ್ತಿ 300 ಯೂನಿಟ್‌ಗೆ 2.5 ಕಿಲೋವ್ಯಾಟ್ ಬೇಕು. ಆ 40 ಬಿಟ್ಟು 260 ಸಾಕು ಎಂದರೆ ಸುಮಾರು 2.2 ಕಿಲೋವ್ಯಾಟ್. ವ್ಯತ್ಯಾಸ ಹೆಚ್ಚುಕಡಿಮೆ ಒಂದು ಪ್ಯಾನೆಲ್. ಅದು ತಾರಸಿ ಮೇಲೆ ಸುಮ್ನೆ ಕೂತಿರುತ್ತದೆ. ನಿಗದಿತ ಶುಲ್ಕದ ಕಡೆ ಈ ಮಾತು ನಡೆಯುವುದಿಲ್ಲ. ಅಲ್ಲಿ ಕೊನೆಯ ಯೂನಿಟ್‌ಗೂ ಬೆಲೆ ಇದೆ.

ಒಂದೆರಡು ಎಚ್ಚರಿಕೆ. ಹಂತ ಹಂತವಾಗಿ ದರ ಏರುವ ಪದ್ಧತಿ ಇದ್ದರೆ ಭಾಗಿಸುವಾಗ ಕೆಳಗಿನ ಹಂತದ ದರ ಹಿಡಿಯಿರಿ, ಉಳಿಯುವುದು ಆ ಯೂನಿಟ್‌ಗಳೇ. ಹೆಚ್ಚುವರಿ ಕರೆಂಟ್‌ಗೆ ಕರೆಂಟ್ ಕಂಪನಿ ನಗದು ಕೊಡುತ್ತದೆ ಎಂದಾದರೆ ಆ ಒಂದು ಪ್ಯಾನೆಲ್ ದಂಡವಲ್ಲ. ಮುಂದೆ ಎಲೆಕ್ಟ್ರಿಕ್ ಗಾಡಿ ತಗೊಳ್ಳುವ ಯೋಚನೆ ಇದ್ದರೂ ಅಷ್ಟೇ.

ಮುಂದಿನ ಹೆಜ್ಜೆ, ಉಳಿತಾಯದ ಲೆಕ್ಕ. ಹಳೆ ಬಿಲ್ 1500 ಇತ್ತು, ಅಷ್ಟೂ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆ ಬಿಲ್‌ನಲ್ಲಿ ಆ 200 ಕಳೆದು ನೋಡಿ. ಉಳಿಯುವುದು 1300. ಹಾಕಿದ ಹಣ ಎಷ್ಟು ವರ್ಷಕ್ಕೆ ವಾಪಸ್ ಎಂಬುದನ್ನು ಈ ಅಂಕಿ ಇಟ್ಟುಕೊಂಡೇ ಕೇಳಿ. ಒಂದೇ ತಿಂಗಳ ಬಿಲ್ ಸಾಲದು, 12 ತಿಂಗಳದು ಬೇಕು. ಮೋಡದ ತಿಂಗಳಲ್ಲಿ ಬಿಲ್ ಗೆರೆ ದಾಟುತ್ತದೆ, ಬಿಸಿಲಿನ ತಿಂಗಳಲ್ಲಿ ಕೆಳಗಿರುತ್ತದೆ.

ಜಮೆಯಾದ ಯೂನಿಟ್‌ಗಳ ಕಡೆಗೂ ಕಣ್ಣಿಡಿ. ಬಿಸಿಲಿನ ತಿಂಗಳಲ್ಲಿ ಗ್ರಿಡ್‌ಗೆ ಕೊಟ್ಟ ಹೆಚ್ಚುವರಿ ಯೂನಿಟ್ ಮುಂದಕ್ಕೆ ಹೋಗುವುದುಂಟು. ಆದರೆ ಅದು ಸಾಮಾನ್ಯವಾಗಿ ಯೂನಿಟ್ ಬಾಬ್ತಿಗೆ ಮಾತ್ರ ವಜಾ ಆಗುತ್ತದೆ, ನಿಗದಿತ ಅಥವಾ ಕನಿಷ್ಠ ಶುಲ್ಕಕ್ಕೆ ಅಲ್ಲ. ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ ಮಾಡುವ ಕಡೆ ಉಳಿದ ಜಮೆ ಸೊನ್ನೆಯಾಗಬಹುದು ಅಥವಾ ಅಗ್ಗದ ದರಕ್ಕೆ ಹೋಗಬಹುದು. ಚುಕ್ತಾ ಯಾವ ತಿಂಗಳು ಎಂದು ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಪ್ರಕಾರ ಒಪ್ಪಂದದಲ್ಲಿ ಮೊದಲು ಓದಬೇಕಾದ ಸಾಲು ಇದೇ.

ನಿಗದಿತ ಶುಲ್ಕ ಮಂಜೂರಾದ ಲೋಡ್ (ನಿಮ್ಮ ಮನೆಗೆ ಕಂಪನಿ ಒಪ್ಪಿದ ಗರಿಷ್ಠ ಕಿಲೋವ್ಯಾಟ್) ಮೇಲೆ ಇದ್ದರೆ ಒಂದು ದಾರಿ ಇದೆ. 5 ಕಿಲೋವ್ಯಾಟ್ ಮಂಜೂರಾಗಿದೆ, ಮನೆಗೆ 3 ಸಾಕು ಎಂದರೆ ಲೋಡ್ ಇಳಿಸಲು ಅರ್ಜಿ ಕೊಡಿ. ಆದರೆ ಮಂಜೂರಾದ ಲೋಡ್‌ಗಿಂತ ದೊಡ್ಡ ಪ್ಯಾನೆಲ್ ಹಾಕಲು ಬಿಡದ ಕಡೆಗಳೂ ಇವೆ. ಹಾಗಾಗಿ ಅರ್ಜಿಗೆ ಮುಂಚೆ ಅದನ್ನು ವಿಚಾರಿಸಿ.

ಇಷ್ಟಕ್ಕೂ ಈ ಹಣ ಯಾಕೆ? ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್ ಸಂಬಳ, ಇವು ನೀವು ಯೂನಿಟ್ ಕಡಿಮೆ ಮಾಡಿದಿರಿ ಎಂದು ಕಡಿಮೆ ಆಗುವುದಿಲ್ಲ. ರಾತ್ರಿ ದೀಪಕ್ಕೆ ಗ್ರಿಡ್ಡೇ ಬೇಕು. ಹಗಲಿನಲ್ಲೂ ಬೇಕು: ನೀರಿನ ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದನ್ನು ಪೂರೈಸುವುದು ಗ್ರಿಡ್. ಗ್ರಿಡ್ ಹೋದರೆ ಬ್ಯಾಟರಿ ಇಲ್ಲದ ಸೋಲಾರ್ ಕೂಡ ತಾನಾಗಿಯೇ ನಿಲ್ಲುತ್ತದೆ. ತಂತಿ ಸರಿಮಾಡಲು ಬಂದವರಿಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ! ಶುಲ್ಕ ಇರುವುದು ನ್ಯಾಯ ಎಂದೇ ನನಗನ್ನಿಸುತ್ತದೆ. ಎಷ್ಟಿರಬೇಕು ಎಂಬುದರ ಮೇಲೆ ಮಾತ್ರ ಜಗಳ.

ಸೋಲಾರ್ ಮನೆಯವರು ಗ್ರಿಡ್‌ಗೆ ಎಷ್ಟು ಕೊಡಬೇಕು, ಅದರಿಂದ ಎಷ್ಟು ಪಡೆಯಬೇಕು ಎಂಬ ಆ ಜಗಳ ಹಳೆಯದು. ಅಮೆರಿಕದ ಮಿನ್ನೆಸೋಟ ರಾಜ್ಯ 1983ರಲ್ಲೇ ನೆಟ್ ಮೀಟರಿಂಗ್ (ಗ್ರಿಡ್‌ಗೆ ಕೊಟ್ಟ ಯೂನಿಟ್‌ಗಳನ್ನು ತಗೊಂಡದ್ದರಲ್ಲಿ ಕಳೆಯುವ ಪದ್ಧತಿ) ಕಾನೂನು ಮಾಡಿತ್ತು. ಹವಾಯಿ 2015ರಲ್ಲಿ ಹೊಸ ಅರ್ಜಿದಾರರಿಗೆ ಆ ಸೌಲಭ್ಯ ನಿಲ್ಲಿಸಿತು. ಕ್ಯಾಲಿಫೋರ್ನಿಯ 2023ರ ಏಪ್ರಿಲ್‌ನಿಂದ ಹೊಸಬರು ಗ್ರಿಡ್‌ಗೆ ಕೊಡುವ ಕರೆಂಟಿನ ಬೆಲೆ ಬಹಳ ಇಳಿಸಿತು, ಹಳಬರಿಗೆ ಮಾತ್ರ 20 ವರ್ಷ ಹಳೆ ನಿಯಮವೇ. ಪ್ಯಾನೆಲ್ ಬಾಳಿಕೆ 25 ವರ್ಷ. ಅಷ್ಟು ದಿನ ದರಪಟ್ಟಿ ಹೀಗೇ ಇರುತ್ತದೆ ಎಂದು ಹೇಳಲಾಗದು. ಆದ್ದರಿಂದ ಸಹಿ ಹಾಕುವ ಮುಂಚೆ ಕರೆಂಟ್ ಕಂಪನಿಗೆ ಒಂದು ಪ್ರಶ್ನೆ ಕೇಳಿ: ಈಗಿನ ನಿಯಮ ನನಗೆ ಎಷ್ಟು ವರ್ಷ ಅನ್ವಯ? ಉತ್ತರವನ್ನು ಬರಹದಲ್ಲಿ ತಗೊಳ್ಳಿ.