ಸ್ಮಾರ್ಟ್‌ವಾಚ್ ಕಟ್ಟಿಕೊಳ್ಳುವ ಕ್ರಮ

ಲಾಲ್‌ಬಾಗಿಗೆ ಬೆಳಗಿನ ನಡಿಗೆಗೆ ಬರುವ ಎಷ್ಟೋ ಮಂದಿ ಸ್ಮಾರ್ಟ್‌ವಾಚನ್ನು ಬಳೆಯಂತೆ ಸಡಿಲವಾಗಿ ತೊಟ್ಟಿರುತ್ತಾರೆ. ಹೃದಯಬಡಿತದ ಲೆಕ್ಕ ಹಾಳಾಗುವುದೇ ಅಲ್ಲಿ. ವಾಚಿನ ಹಿಂಬದಿಯ ಹಸಿರು ದೀಪ ಚರ್ಮದ ಮೇಲೆ ಬೆಳಕು ಬಿಡುತ್ತದೆ. ರಕ್ತ ಅದನ್ನು ಹೀರಿಕೊಳ್ಳುವುದರಿಂದ, ಬಡಿತಕ್ಕೆ ತಕ್ಕಂತೆ ಮರಳುವ ಬೆಳಕು ಏರಿಳಿಯುತ್ತದೆ. ಸಂದಿಯಲ್ಲಿ ಬಿಸಿಲು ನುಗ್ಗಿದರೆ ಅಂಕಿ ಕೆಟ್ಟಂತೆಯೇ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಮೊಳಕೈ ಕಡೆಗೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ನಡಿಗೆ ಮುಗಿದ ಮೇಲೆ ಬೆವರು ಒರೆಸಿ, ಒಂದು ತೂತು ಸಡಿಲಿಸಿ. ಲಾಲ್‌ಬಾಗಿನ ಬಂಡೆ ಹತ್ತುವಾಗ ಏದುಸಿರು ಮೊದಲು ಬರುತ್ತದೆ, ವಾಚಿನ ಅಂಕಿ ತುಸು ತಡವಾಗಿ ಏರುತ್ತದೆ, ಗಾಬರಿ ಬೇಡ.

ದೂರ ಅಳೆಯಬೇಕೆಂದರೆ ಜಿಪಿಎಸ್ ಸಂಕೇತ ಸಿಕ್ಕಿದ ಮೇಲೆಯೇ ಹೆಜ್ಜೆ ಕೀಳಿ. ಮರಗಳ ದಟ್ಟ ನೆರಳಿಗಿಂತ ತೆರೆದ ಜಾಗದಲ್ಲಿ ನಿಂತರೆ ಅದು ಬೇಗ ಸಿಗುತ್ತದೆ. ಎತ್ತರ, ತೂಕ, ವಯಸ್ಸುಗಳನ್ನು ಸುಳ್ಳಿಲ್ಲದೆ ತುಂಬಿ. ತೂಕದ ವಿಷಯದಲ್ಲಿ ಎಲ್ಲರೂ ಜಾಣರೇ! ಕ್ಯಾಲರಿ ಲೆಕ್ಕ ಆಗಲೂ ಬರೀ ಅಂದಾಜು. ಅದನ್ನು ನೆಚ್ಚಿ ಇನ್ನೊಂದು ಮಸಾಲೆದೋಸೆ ತರಿಸಬೇಡಿ.

ವಾಚು ಹೆಜ್ಜೆ ಎಣಿಸುವುದು ಕೈಯ ಚಲನೆಯಿಂದ. ನಮ್ಮ ಅತ್ತಿಗೆ ಮೊಮ್ಮಗನ ತಳ್ಳುಗಾಡಿ ಹಿಡಿದು ನಡೆದರೆ ಹೆಜ್ಜೆ ಕಡಿಮೆ ಬೀಳುತ್ತವೆ, ಚಪಾತಿ ಹಿಟ್ಟು ನಾದಿದರೆ ಏರುತ್ತವೆ. ಹಾಗಾಗಿ ಗಾಡಿ ತಳ್ಳುವ ದಿನ ಹೆಜ್ಜೆ ಬಿಟ್ಟು ನಿಮಿಷಗಳನ್ನು ನೋಡಿ. ದಿನಕ್ಕೆ 10,000 ಹೆಜ್ಜೆಯ ಗುರಿಯೂ ಶಾಸ್ತ್ರವಲ್ಲ, 1960ರ ದಶಕದ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು ಇಟ್ಟ ಹೆಸರಿನಿಂದ ಬಂದದ್ದು. ನಿಮ್ಮ ಕಳೆದ ವಾರದ ಸರಾಸರಿಗೆ ಒಂದು ಸಾವಿರ ಸೇರಿಸಿ, ಅದನ್ನೇ ಗುರಿಯಾಗಿಡಿ.