ಹಸುಗೂಸಿನ ಕಣ್ಣಿಗೆ ಡ್ರಾಪ್ಸ್ ಹಾಕುವುದು ಹೇಗೆ?

ಕೂಸಿನ ಒಂದು ಕಣ್ಣಲ್ಲಿ ಸದಾ ನೀರು. ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತದೆ. ಕಣ್ಣು ಕೆಂಪಾಗಿಲ್ಲ, ಊದಿಲ್ಲ. ಹೆಚ್ಚಾಗಿ ಇದಕ್ಕೆ ಕಾರಣ, ಕಣ್ಣೀರು ಮೂಗಿಗೆ ಇಳಿಯುವ ನಾಳ ಇನ್ನೂ ಪೂರ್ತಿ ತೆರೆಯದಿರುವುದು. ಬಹುತೇಕ ಮಕ್ಕಳಿಗೆ ವರ್ಷ ತುಂಬುವಷ್ಟರಲ್ಲಿ ತಾನಾಗಿ ಸರಿಹೋಗುತ್ತದೆ. ಡಾಕ್ಟರಿಗೆ ಒಮ್ಮೆ ತೋರಿಸಿ. ಮನೆಯಲ್ಲಿರುವ ಹಳೇ ಡ್ರಾಪ್ಸ್ ಮಾತ್ರ ಹಾಕಬೇಡಿ.

ಮೊದಲು ಗೀಜು ತೆಗೆಯಿರಿ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಗೆ ಒಂದು ಸಲ ಒರೆಸಿ. ಮತ್ತೊಮ್ಮೆ ಒರೆಸಲು ಹೊಸ ಹತ್ತಿ ಬೇಕು.

ಡ್ರಾಪ್ಸ್ ಬರೆದುಕೊಟ್ಟಿದ್ದರೆ, ಕೈ ತೊಳೆದು ಲೇಬಲ್ ಓದಿ. ಕಿವಿಯ ಡ್ರಾಪ್ಸ್ ಬಾಟಲಿಯೂ ನೋಡಲು ಹಾಗೇ ಇರುತ್ತದೆ, ರಾತ್ರಿ ನಿದ್ದೆಗಣ್ಣಲ್ಲಿ ಅದಲುಬದಲಾಗುವುದು ಸುಲಭ. ಮಗುವನ್ನು ಅಂಗಾತ ಮಲಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದು ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತಾ? ಬಲವಂತ ಬೇಡ. ಮೂಗಿನ ಪಕ್ಕದ ಮೂಲೆಯಲ್ಲಿ ಹನಿ ಬಿಟ್ಟು ಕಾಯಿರಿ, ಕಣ್ಣು ತೆರೆದಾಗ ಒಳಗೆ ಹೋಗುತ್ತದೆ.

ಇನ್ನೊಂದು ಹನಿ ಇರಲಿ ಅನ್ನಿಸುತ್ತದೆ, ಅಲ್ವಾ? ದೊಡ್ಡವರ ಕಣ್ಣೇ ಹಿಡಿಯುವುದು ಸುಮಾರು 30 ಮೈಕ್ರೋಲೀಟರ್. ಬಾಟಲಿಯ ಒಂದು ಹನಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಉಳಿದದ್ದು ಕೆನ್ನೆಗೆ ಸುರಿಯುತ್ತದೆ, ಇಲ್ಲವೇ ಮೂಗಿಗಿಳಿದು ರಕ್ತ ಸೇರುತ್ತದೆ. ಪುಟ್ಟ ಮೈಗೆ ಅದು ಸಣ್ಣ ಪ್ರಮಾಣವಲ್ಲ. ಅದಕ್ಕೇ ಹನಿ ಬಿಟ್ಟ ಮೇಲೆ ಒಳಮೂಲೆಯನ್ನು ಒಂದು ನಿಮಿಷ ಮೃದುವಾಗಿ ಒತ್ತಿಹಿಡಿಯಿರಿ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ. ಮುಲಾಮು ಕೊನೆಗೆ.

ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ಲೇಬಲ್‌ನಲ್ಲಿ ಬೇರೆ ಹೇಳದಿದ್ದರೆ ತಿಂಗಳಾದ ಮೇಲೆ ಎಸೆಯಿರಿ. ಕಣ್ಣು ಕೆಂಪಾದಾಗ ದೊಡ್ಡವರು ಹಾಕಿಕೊಳ್ಳುವ ನಾಫಜೋಲಿನ್ ಡ್ರಾಪ್ಸ್ ಕೂಸಿನ ಕೈಗೂ ಸಿಗಬಾರದು. ಸ್ವಲ್ಪ ನುಂಗಿದರೂ ಮಂಪರು ಕವಿದು ಉಸಿರು, ಎದೆಬಡಿತ ನಿಧಾನವಾಗಬಹುದು. ಸ್ಟೀರಾಯ್ಡ್ ಡ್ರಾಪ್ಸ್ ಡಾಕ್ಟರ್ ಹೇಳದೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು.

ಮನೆಯ ಹಿರಿಯರೊಂದಿಗೆ ಜಟಾಪಟಿ ಆಗುವುದು ಕಾಡಿಗೆ, ಹರಳೆಣ್ಣೆ, ಎದೆಹಾಲಿನ ವಿಷಯಕ್ಕೆ. ಮೂರೂ ಕೂಸಿನ ಕಣ್ಣಿಗೆ ಬೇಡ. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ. ಮನೆಯದ್ದಾದರೂ ಹಚ್ಚುವ ಬೆರಳಿನಿಂದ ಸೋಂಕು ಬರಬಹುದು. ದೃಷ್ಟಿಬೊಟ್ಟು ಬೇಕೇಬೇಕು ಅಂದರೆ ಅಂಗಾಲಿಗೆ ಇಡಿ, ಅಜ್ಜಿಗೂ ಸಮಾಧಾನ.

ಕಾಯಬಾರದ ಸಂದರ್ಭಗಳೂ ಇವೆ. ಕಣ್ಣ ಪಾಪೆ ಬೆಳ್ಳಗೆ ಕಾಣುವುದು, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ಕಪ್ಪುಗುಡ್ಡೆ ಮಂಕಾಗಿ ಅಥವಾ ದೊಡ್ಡದಾಗಿ ಕಾಣುವುದು. ಹುಟ್ಟಿದ ಮೊದಲ ತಿಂಗಳಲ್ಲಿ ರೆಪ್ಪೆ ಊದಿ ಕೀವು ಬಂದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ.