ಕಂಪನಿ ಫಿಟ್ಟಿಂಗಾ, ಹೊರಗೆ ಹಾಕಿಸಿದ್ದಾ: ಹಳೆ ಟೂರಿಂಗ್ ಬೈಕನ್ನು ನಾನು ನೋಡುವ ಕ್ರಮ

ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕಿನ ಜಾಹೀರಾತಿನಲ್ಲಿ "ಫುಲ್ಲಿ ಲೋಡೆಡ್" ಅಂತ ಬರೆದು ಕೆಳಗೆ ಉದ್ದನೆಯ ಪಟ್ಟಿ ಹಾಕಿರುತ್ತಾರೆ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಸೆಂಟರ್ ಸ್ಟ್ಯಾಂಡ್, ಬ್ಯಾಷ್ ಪ್ಲೇಟ್ (ಎಂಜಿನ್ನಿನ ತಳ ಕಾಯುವ ತಗಡು), ಫಾಗ್ ಲೈಟ್, ಕ್ರ್ಯಾಶ್ ಗಾರ್ಡ್, ಯುಎಸ್‌ಬಿ ಚಾರ್ಜರ್, ಟಾಪ್ ಬಾಕ್ಸ್, ಎಲ್ಲ ಒಂದೇ ಸಾಲಿನಲ್ಲಿ. ಆ ಪಟ್ಟಿಯ ಹೆಸರಿನಲ್ಲೇ ಬೆಲೆ ಏರಿರುತ್ತದೆ. ಇಂಥ ಪಟ್ಟಿ ಸಿಕ್ಕಾಗ ನಾನು ಮೊದಲು ಅದನ್ನು ಮೂರು ಪಾಲು ಮಾಡುತ್ತೇನೆ: ಕಾರ್ಖಾನೆಯಿಂದಲೇ ಬಂದ ಕಂಪನಿ ಫಿಟ್ಟಿಂಗ್, ಶೋರೂಮಿನಲ್ಲಿ ಬಿಲ್ ಮಾಡಿಸಿ ಕೂರಿಸಿದ್ದು, ಹೊರಗೆ ಅಂಗಡಿಯಲ್ಲಿ ಹಾಕಿಸಿದ್ದು. ಮೊದಲನೆಯದು ಬೈಕಿನ ಬೆಲೆಯಲ್ಲೇ ಸೇರಿದೆ, ಅದಕ್ಕೆ ಬೇರೆ ದುಡ್ಡಿಲ್ಲ. ಎರಡನೆಯದಕ್ಕೆ ಸ್ವಲ್ಪ ಕೊಡಬಹುದು. ಮೂರನೆಯದು ಎಷ್ಟೋ ಸಲ ಬೆಲೆ ಇಳಿಸಿ ಕೇಳಲು ಕಾರಣವಾಗುತ್ತದೆ.

ಅರ್ಧ ಕೆಲಸ ಮನೆಯಲ್ಲೇ ಕೂತು ಮುಗಿಸಬಹುದು. ಆರ್‌ಸಿಯ ಫೋಟೊ ತರಿಸಿಕೊಂಡು ತಯಾರಾದ ತಿಂಗಳು-ವರ್ಷ ಮತ್ತು ಮಾಡೆಲ್ ಹೆಸರು ಎರಡನ್ನೂ ನೋಡುತ್ತೇನೆ. ನೋಂದಣಿಯ ದಿನಾಂಕ ಸಾಲದು. ನವೆಂಬರಿನಲ್ಲಿ ತಯಾರಾದ ಬೈಕು ಶೋರೂಮಿನಲ್ಲಿ ನಿಂತಿದ್ದು ಮಾರ್ಚಿನಲ್ಲಿ ಜಯನಗರ ಆರ್‌ಟಿಒದಲ್ಲಿ ನೋಂದಣಿ ಆಗಿರಬಹುದು, ಆ ನಡುವೆ ಕಂಪನಿ ಹೊಸ ಫೀಚರ್ ಸೇರಿಸಿರಬಹುದು. ಆಮೇಲೆ ಆ ತಿಂಗಳಿಗೆ ಹೊಂದುವ ಬ್ರೋಷರ್ ಮತ್ತು ಓನರ್ಸ್ ಮ್ಯಾನ್ಯುಯಲ್ ಹುಡುಕಿ ಇಳಿಸಿಕೊಳ್ಳುತ್ತೇನೆ. ಬ್ರೋಷರಿನ ಚಿತ್ರದಲ್ಲಿ ಪ್ಯಾನಿಯರ್ (ಹಿಂಬದಿಯ ಎರಡೂ ಪಕ್ಕದ ಲಗೇಜ್ ಪೆಟ್ಟಿಗೆ) ಕಂಡರೆ ಅದು ಬೈಕಿನ ಜೊತೆ ಬಂದಿತ್ತು ಅಂತಲ್ಲ. ತೋರಿಸಿದ ಆಕ್ಸೆಸರಿ ಬೈಕಿನೊಂದಿಗೆ ಬರದಿರಬಹುದು ಅಂತ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಇರುವುದೇ ಲೆಕ್ಕ.

ತಿಂಗಳಿನ ಮೇಲೆ ಇಷ್ಟು ಒತ್ತು ಏಕೆ ಅಂದರೆ, ಒಂದೇ ಹೆಸರಿನ ಬೈಕು ವರ್ಷದಿಂದ ವರ್ಷಕ್ಕೆ ಬೇರೆ ಆಗಿದೆ. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 411 ತೆಗೆದುಕೊಳ್ಳಿ. ಸೆಂಟರ್ ಸ್ಟ್ಯಾಂಡ್, ಬ್ಯಾಷ್ ಪ್ಲೇಟ್, ಹಿಂದಿನ ಲಗೇಜ್ ರ್ಯಾಕ್, ಟ್ಯಾಂಕಿನ ಎರಡೂ ಬದಿಯ ಕಂಬಿ, ಮುಂದಿನ ಗಾಜು, ಇವೆಲ್ಲ ಕಂಪನಿಯವೇ. ಇವನ್ನು ಆಕ್ಸೆಸರಿ ಪಟ್ಟಿಯಲ್ಲಿ ಬರೆದು ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ. ಎಂಜಿನ್ ಗಾರ್ಡ್, ಅಲ್ಯೂಮಿನಿಯಂ ಪ್ಯಾನಿಯರ್ ಮಾತ್ರ ಆಕ್ಸೆಸರಿ. 2020ರ ಬಿಎಸ್6 (ಹೊಸ ಹೊಗೆ ನಿಯಮದ) ಮಾಡೆಲಿನಿಂದ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸೌಲಭ್ಯ ಮತ್ತು ಹಜಾರ್ಡ್ ಲೈಟ್ ಸ್ವಿಚ್ ಬಂದವು. 2021ರ ಫೆಬ್ರವರಿಯಲ್ಲಿ ದಾರಿ ತೋರಿಸುವ ಪುಟ್ಟ ಪರದೆ, ಅಂದರೆ ಟ್ರಿಪ್ಪರ್ ನ್ಯಾವಿಗೇಶನ್ ಸೇರಿತು, ಚಿಪ್ ಕೊರತೆಯಿಂದ 2022ರಲ್ಲಿ ಅದು ಆಪ್ಷನ್ ಆಯಿತು. ಹಾಗಾಗಿ 2022ರ ಕೊನೆಯ ಬೈಕಿನಲ್ಲಿ ಟ್ರಿಪ್ಪರ್ ಇಲ್ಲದಿದ್ದರೆ ಯಾರೋ ಕಳಚಿದ್ದಾರೆ ಅಂತ ಅನುಮಾನ ಪಡಬೇಕಿಲ್ಲ. 2021ರ ಮಧ್ಯದ ಬೈಕಿನಲ್ಲಿ ಇಲ್ಲದಿದ್ದರೆ ಮಾತ್ರ ಕೇಳಲೇಬೇಕು.

ಡಾಮಿನಾರ್ 400ರದ್ದು ಇದಕ್ಕೆ ಉಲ್ಟಾ ಕಥೆ. 2021ರ ಅಕ್ಟೋಬರಿನಲ್ಲಿ ಬಜಾಜ್ ಎತ್ತರದ ಗಾಜು, ಹ್ಯಾಂಡ್ ಗಾರ್ಡ್, ಬ್ಯಾಷ್ ಪ್ಲೇಟ್, ಲೆಗ್ ಗಾರ್ಡ್, ಕ್ಯಾರಿಯರ್, ಪಿಲಿಯನ್ ಬ್ಯಾಕ್ ರೆಸ್ಟ್, ಯುಎಸ್‌ಬಿ ಪೋರ್ಟ್‌ಗಳನ್ನು ಕಾರ್ಖಾನೆಯಲ್ಲೇ ಹಾಕಿ ಕೊಡಲು ಶುರು ಮಾಡಿತು. ಅದಕ್ಕೆ ಮುಂಚಿನ ಬೈಕಿನಲ್ಲಿ ಇವು ಕಂಡರೆ ಆಮೇಲೆ ಕೂರಿಸಿದ್ದು, ನಂತರದ ಬೈಕಿನಲ್ಲಿ ಇಲ್ಲದಿದ್ದರೆ ಕಳಚಿದ್ದು ಅಥವಾ ಬಿದ್ದು ಮುರಿದದ್ದು.

ಕೆಟಿಎಂ 390 ಅಡ್ವೆಂಚರಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 2020ರಲ್ಲಿ ಬಂದ ಬೈಕಿಗೆ ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರಿ ಸುತ್ತದಂತೆ ತಡೆಯುವುದು), ಕಾರ್ನರಿಂಗ್ ಎಬಿಎಸ್ (ತಿರುವಿನಲ್ಲಿ ಬಾಗಿದಾಗಲೂ ಕೆಲಸ ಮಾಡುವ ಎಬಿಎಸ್), ಕ್ವಿಕ್ ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಸೌಲಭ್ಯ), ಬಣ್ಣದ ಟಿಎಫ್‌ಟಿ ಪರದೆ ಎಲ್ಲ ಕಂಪನಿಯವೇ. 2023ರ ಏಪ್ರಿಲಿನಲ್ಲಿ ಬಂದ 390 ಅಡ್ವೆಂಚರ್ ಎಕ್ಸ್‌ನಲ್ಲಿ ಬೆಲೆ ಇಳಿಸಲು ಈ ನಾಲ್ಕನ್ನೂ ಕೈಬಿಟ್ಟಿದ್ದರು. ಮಾರುವಾಗ "390 ಅಡ್ವೆಂಚರ್, 2023" ಅಂತ ಮಾತ್ರ ಹೇಳುತ್ತಾರೆ. ಕೀ ತಿರುಗಿಸಿ ಡಿಸ್‌ಪ್ಲೇ ನೋಡಿದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ: ಬಣ್ಣದ ಪರದೆ ಇದ್ದು, ಮೆನುವಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆನ್-ಆಫ್ ಸಿಗಬೇಕು. ಎಲೆಕ್ಟ್ರಾನಿಕ್ ಫೀಚರ್ ವಿಷಯದಲ್ಲಿ ನಾನು ಮಾಲೀಕರ ಮಾತಿಗಿಂತ ಮೆನುವನ್ನು ನಂಬುತ್ತೇನೆ. ಹೊರಗಿನಿಂದ ಹಾಕಿಸಿದ ಕ್ವಿಕ್ ಶಿಫ್ಟರ್ ಸಾಮಾನ್ಯವಾಗಿ ಬೈಕಿನ ಮೆನುವಿನಲ್ಲಿ ಕಾಣುವುದಿಲ್ಲ. ಅದರ ಸೆನ್ಸರ್ ಗೇರ್ ಲಿಂಕೇಜಿನ ಮೇಲೆ ಇರುತ್ತದೆ, ವೈರ್ ಸೀಟಿನ ಕೆಳಗಿನ ಪುಟ್ಟ ಡಬ್ಬಿಗೆ ಹೋಗುತ್ತದೆ.

ಹಿಮಾಲಯನ್ 450ಯಲ್ಲಿ ನೋಡಬೇಕಾದ್ದು ಚಕ್ರ. 2023ರ ಕೊನೆಯಲ್ಲಿ ಬಂದಾಗ ಸ್ಪೋಕ್ ಚಕ್ರಕ್ಕೆ ಟ್ಯೂಬ್ ಟೈರ್ ಇತ್ತು. ಟ್ಯೂಬ್‌ಲೆಸ್ ಸ್ಪೋಕ್ ರಿಮ್ ಆಮೇಲೆ ಆಪ್ಷನ್ ಆಗಿ ಬಂತು. ಸ್ಪೋಕುಗಳು ರಿಮ್ಮಿನ ನಡುವೆ ಕೂತಿದ್ದರೆ ಟ್ಯೂಬು, ರಿಮ್ಮಿನ ಎರಡೂ ಅಂಚಿಗೆ ಹೋಗಿ ಕೂತಿದ್ದರೆ ಟ್ಯೂಬ್‌ಲೆಸ್. ಇದು ನಿಜಕ್ಕೂ ದುಡ್ಡು ಕೊಡಬಹುದಾದ ವ್ಯತ್ಯಾಸ, ಏಕೆಂದರೆ ಊರಿನಿಂದ ದೂರ ಪಂಕ್ಚರ್ ಆದಾಗ ಚಕ್ರ ಬಿಚ್ಚುವ ಕೆಲಸ ತಪ್ಪುತ್ತದೆ. ಟ್ಯೂಬ್ ರಿಮ್ಮನ್ನೇ ಒಳಗಿನಿಂದ ಸೀಲಂಟ್ ಬಳಿದು ಟ್ಯೂಬ್‌ಲೆಸ್ ಮಾಡಿಸಿದವರೂ ಇದ್ದಾರೆ. ಅಂಥ ಚಕ್ರಕ್ಕೆ ನಾನು ಏನೂ ಕೊಡುವುದಿಲ್ಲ. ಸ್ಪೋಕ್ ಬಿಗಿ ಮಾಡಿದಾಗ ಆ ಪದರ ಬಿಟ್ಟುಕೊಂಡು ಗಾಳಿ ಸೋರುವ ಸಂಭವವಿದೆ. ಸ್ಪೋಕಿನ ತುದಿಯ ನಿಪ್ಪಲ್‌ಗಳ ಮೇಲೆ ಸೋಪು ನೀರು ಹಾಕಿ ಗುಳ್ಳೆ ಬರುತ್ತದಾ ನೋಡಿ.

ಬೈಕಿನ ಮುಂದೆ ನಿಂತಾಗ ಮೊದಲು ಸೀಟು ತೆಗೆಸುತ್ತೇನೆ. ಹೊರಗೆ ಎಷ್ಟೇ ಹೊಳೆದರೂ ಇತಿಹಾಸ ಇರುವುದು ಬ್ಯಾಟರಿ ಟರ್ಮಿನಲ್ಲಿನ ಹತ್ತಿರ. ಕಂಪನಿಯ ವೈರಿಂಗ್ ಒಂದು ಕಟ್ಟಾಗಿ ಸುತ್ತಿ ಫ್ರೇಮಿನ ಕ್ಲಿಪ್ಪಿನಲ್ಲಿ ಕೂತಿರುತ್ತದೆ. ಬಹಳಷ್ಟು ವೈರಿನ ಮೇಲೆ ಮೂಲ ಬಣ್ಣದ ಜೊತೆ ಇನ್ನೊಂದು ಬಣ್ಣದ ಗೆರೆ ಇರುತ್ತದೆ, ಕಪ್ಲರಿನೊಳಗೆ ನೀರು ಹೋಗದಂತೆ ರಬ್ಬರ್ ಸೀಲ್ ಇರುತ್ತದೆ. ಹೊರಗೆ ಹಾಕಿಸಿದ್ದು ಬೇರೆಯೇ ಕಾಣುತ್ತದೆ: ಬರೀ ಕೆಂಪು-ಕಪ್ಪು ಜೋಡಿ ವೈರ್, ಬಿಸಿಲಿಗೆ ಅಂಟು ಬಿಟ್ಟ ಇನ್ಸುಲೇಶನ್ ಟೇಪು, ಕೇಬಲ್ ಟೈ, ಬ್ಯಾಟರಿಯ ಪ್ಲಸ್ ಬೋಲ್ಟಿನಲ್ಲಿ ಒಂದರ ಮೇಲೊಂದು ಮೂರು ನಾಲ್ಕು ಲಗ್ಗು (ವೈರಿನ ತುದಿಯ ಲೋಹದ ಉಂಗುರ). ಅದರಲ್ಲೂ ಕೆಟ್ಟದ್ದು ಹೆಡ್‌ಲೈಟ್ ಅಥವಾ ಹಾರ್ನ್ ವೈರಿನ ಸಿಪ್ಪೆ ಸುಲಿದು ಹೊಸ ವೈರ್ ಸುತ್ತಿದ್ದು. ಮಳೆಯಲ್ಲಿ ನೀರು ಆ ಜಾಯಿಂಟಿಗೆ ಇಳಿದು ತಾಮ್ರ ಹಸಿರಾಗುತ್ತದೆ, ರೆಸಿಸ್ಟೆನ್ಸ್ ಏರಿ ಅಲ್ಲೇ ಬಿಸಿಯಾಗುತ್ತದೆ.

ಫಾಗ್ ಲೈಟಿನ ವೈರನ್ನು ದೀಪದಿಂದ ಬ್ಯಾಟರಿವರೆಗೆ ಬೆರಳಿಟ್ಟು ಹಿಂಬಾಲಿಸುತ್ತೇನೆ. ತಲಾ 40 ವ್ಯಾಟಿನ ಎರಡು ದೀಪ ಅಂದರೆ 80 ವ್ಯಾಟ್, 12 ವೋಲ್ಟಿಗೆ ಆರೂವರೆ ಆಂಪಿಯರಿನ ಆಸುಪಾಸು. ಇದಕ್ಕೆ ಸ್ವಂತ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಬ್ಯಾಟರಿಗೆ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್, 1.5 ಚದರ ಮಿಮೀ ವೈರ್ ಬೇಕು. ರಿಲೇ ಇಲ್ಲದೆ ಹ್ಯಾಂಡಲಿನ ಸಣ್ಣ ಸ್ವಿಚ್ಚಿನ ಮೂಲಕವೇ ಇಡೀ ಕರೆಂಟ್ ಹರಿಸಿದ್ದರೆ ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗಿರುತ್ತದೆ. ಐದು ನಿಮಿಷ ದೀಪ ಉರಿಸಿ ಸ್ವಿಚ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಆ ವೈರಿಂಗ್ ಪೂರ್ತಿ ಕಿತ್ತು ಹಾಕುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕೆಟಿಎಂನಲ್ಲಿ ಆಕ್ಸೆಸರಿಗೆಂದೇ ಎಸಿಸಿ1, ಎಸಿಸಿ2 ಎಂಬ ಕನೆಕ್ಷನ್ ಕೊಟ್ಟಿರುತ್ತಾರೆ. ಒಂದರಲ್ಲಿ ಸದಾ ಕರೆಂಟ್, ಇನ್ನೊಂದರಲ್ಲಿ ಕೀ ಆನ್ ಆದಾಗ ಮಾತ್ರ. ಅವುಗಳಿಂದ ಲೈನ್ ಎಳೆದಿದ್ದರೆ ಹಾಕಿದವನಿಗೆ ಕೆಲಸ ಗೊತ್ತಿದೆ ಅಂತ ತಿಳಿಯಬಹುದು.

ಮಲ್ಟಿಮೀಟರ್ (ಕರೆಂಟ್ ಅಳೆಯುವ ಮೀಟರ್) ಜೊತೆಯಲ್ಲಿರಲಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಸಾಧಾರಣದ್ದೇ ಸಾಕು. ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿಟ್ಟು ಆ ವೈರಿಗೂ ಟರ್ಮಿನಲ್ಲಿಗೂ ನಡುವೆ ಸೇರಿಸಿ. ಓದು ತೀರಾ ಕಡಿಮೆ ಇದ್ದರೆ ಮಿಲಿ ಆಂಪಿಯರ್ ರೇಂಜಿಗೆ ಇಳಿಯಿರಿ. ಮೀಟರ್ ಜೋಡಿಸಿದಾಗ ಕೀ ಆನ್ ಮಾಡಬೇಡಿ, ಸ್ಟಾರ್ಟರ್ ಅಂತೂ ಒತ್ತಲೇಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲವು ಮಿಲಿ ಆಂಪಿಯರ್ ಸಹಜ. 50 ಮಿಲಿ ಆಂಪಿಯರ್ ಹರಿಯುತ್ತಿದ್ದರೆ ದಿನಕ್ಕೆ 1.2 ಆಂಪಿಯರ್-ಅವರ್ ಖಾಲಿ, ಅಂದರೆ 8 ಆಂಪಿಯರ್-ಅವರ್ ಬ್ಯಾಟರಿ ಮೂರು ನಾಲ್ಕು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಜಿಪಿಎಸ್ ಟ್ರ್ಯಾಕರ್, ಅಲಾರಂ, ನೇರ ಬ್ಯಾಟರಿಗೆ ಕೊಟ್ಟ ಯುಎಸ್‌ಬಿ ಚಾರ್ಜರ್ ಸಾಮಾನ್ಯ ಕಾರಣಗಳು. ವಾರವಿಡೀ ಬೇಸ್‌ಮೆಂಟಿನಲ್ಲಿ ನಿಂತು ಶನಿವಾರ ಮಾತ್ರ ಹೊರಡುವ ಬೈಕಿಗೆ ಇದು ದೊಡ್ಡ ತೊಂದರೆ.

ಕಬ್ಬಿಣದ ಕೆಲಸಕ್ಕೆ ಬರೋಣ. ಕಂಪನಿಯ ಗಾರ್ಡ್ ಅಥವಾ ರ್ಯಾಕು ಫ್ರೇಮಿನಲ್ಲೇ ಇರುವ ಥ್ರೆಡ್ಡಿಗೆ ಬೋಲ್ಟ್ ಆಗುತ್ತದೆ, ಬೋಲ್ಟಿನ ತಲೆ ಬೈಕಿನ ಬೇರೆ ಬೋಲ್ಟುಗಳಂತೆಯೇ ಇರುತ್ತದೆ. ಯು-ಕ್ಲ್ಯಾಂಪ್ ಹಾಕಿ ಫ್ರೇಮಿನ ಪೈಪನ್ನು ಹಿಡಿದಿದ್ದರೆ ಹೊರಗಿನದು. ಕ್ಲ್ಯಾಂಪಿನ ಅಂಚಿನಲ್ಲಿ ಬಣ್ಣ ಸವೆದು ತುಕ್ಕು ಶುರುವಾಗಿದೆಯಾ ಟಾರ್ಚ್ ಹಾಕಿ ನೋಡಿ. ಕ್ರ್ಯಾಶ್ ಗಾರ್ಡ್ ಬಾಗಿದ್ದರೆ ಅದನ್ನು ಹಿಡಿದಿರುವ ಎಂಜಿನ್ ಮೌಂಟಿಂಗ್ ನೋಡಲೇಬೇಕು, ಬಿದ್ದ ಪೆಟ್ಟು ಗಾರ್ಡಿನಿಂದ ಅಲ್ಲಿಗೆ ಹೋಗಿರುತ್ತದೆ. ಟಾಪ್ ಬಾಕ್ಸಿನ ಭಾರ ಹಿಂದಿನ ಆಕ್ಸಲಿನಿಂದ ಹಿಂದಕ್ಕೆ ಜೋತಾಡುತ್ತದೆ. ರಸ್ತೆ ಹಂಪಿನಲ್ಲಿ ಅದು ಪ್ರತಿ ಸಲವೂ ಸಬ್‌ಫ್ರೇಮನ್ನು (ಸೀಟು, ರ್ಯಾಕು ಹೊರುವ ಹಿಂಬದಿಯ ಫ್ರೇಮು) ಕೆಳಕ್ಕೆ ಎಳೆಯುತ್ತದೆ. ರ್ಯಾಕಿನ ಬುಡದ ವೆಲ್ಡಿಂಗಿನಲ್ಲಿ ಕೂದಲೆಳೆಯಂತೆ ಬಣ್ಣ ಬಿರಿದಿದ್ದರೆ ನಾನು ಆ ಬೈಕ್ ಬಿಟ್ಟು ಬರುತ್ತೇನೆ.

ಸೀರೆ ಗಾರ್ಡಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಪಿಲಿಯನ್ ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್, ಈ ಮೂರನ್ನೂ ಕೇಂದ್ರ ಮೋಟಾರು ವಾಹನ ನಿಯಮ 123 ಕಡ್ಡಾಯ ಮಾಡಿದೆ, ಹಾಗಾಗಿ ಇವು ಎಲ್ಲ ಬೈಕಿಗೂ ಕಂಪನಿ ಫಿಟ್ಟಿಂಗೇ. ಸ್ಯಾಡಲ್ ಸ್ಟೇ (ಪಕ್ಕದ ಬ್ಯಾಗು ಹಿಡಿಯುವ ಕಂಬಿ) ಅಥವಾ ಪ್ಯಾನಿಯರ್ ಕಂಬಿ ಕೂರಿಸುವಾಗ ಸೀರೆ ಗಾರ್ಡನ್ನು, ಕೆಲವೊಮ್ಮೆ ಹಿಡಿಕೆಯನ್ನೂ ಕಳಚಿ ಹಾಕುತ್ತಾರೆ. ಅದಕ್ಕೇ "ಕಳಚಿದ್ದೆಲ್ಲ ಎಲ್ಲಿದೆ ಸರ್?" ಅಂತ ಕೇಳುತ್ತೇನೆ. ಸೀರೆ ಗಾರ್ಡ್, ಹಿಡಿಕೆ, ಮೂಲ ಕನ್ನಡಿ, ಮೂಲ ಗಾಜು, ಮೂಲ ಸೈಲೆನ್ಸರ್ ಡಬ್ಬಿಯಲ್ಲಿಟ್ಟು ತೋರಿಸಿದರೆ ಬೈಕನ್ನು ಜೋಪಾನ ಮಾಡಿದ್ದಾರೆ ಅಂತ ಅರ್ಥ. ಇಲ್ಲದಿದ್ದರೆ ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಒಂದೊಂದರ ಬೆಲೆ ಕೇಳಿ ಬರೆದುಕೊಂಡು ಚೌಕಾಸಿಯಲ್ಲಿ ಮುಂದಿಡಿ. ಸೈಲೆನ್ಸರಿನ ಬೆಲೆಯೊಂದೇ ಮಾತುಕತೆಯ ದಿಕ್ಕು ಬದಲಿಸುತ್ತದೆ. ಸದ್ದು ಮಾಡುವ ಸೈಲೆನ್ಸರನ್ನು ಬೆಂಗಳೂರಿನ ಸಂಚಾರ ಪೊಲೀಸರು ಹಿಡಿದರೆ ದಂಡ ಕಟ್ಟುವುದು ಹೊಸ ಮಾಲೀಕ. ಬಣ್ಣ, ಎಂಜಿನ್, ಚಾಸಿಯಂಥ ಆರ್‌ಸಿ ವಿವರ ಬದಲಾಗಿದ್ದರಂತೂ ವಾಹನದ ಮೂಲ ವಿವರ ಬದಲಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ.

ಕೂತು ನೋಡಬೇಕಾದ್ದು ಎರಡು. ಹ್ಯಾಂಡಲನ್ನು ಎತ್ತರಿಸುವ ರೈಸರ್ ಹಾಕಿದ್ದರೆ, ಬೈಕ್ ನ್ಯೂಟ್ರಲಿನಲ್ಲಿ ಐಡಲ್ ಆಗುವಾಗ ಹ್ಯಾಂಡಲನ್ನು ಎರಡೂ ಕಡೆ ಕೊನೆತನಕ ತಿರುಗಿಸಿ. ಆರ್‌ಪಿಎಂ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ. ಬ್ರೇಕ್ ಹೋಸ್ ಬಿಗಿಯಾಗಿ ಸೆಟೆದುಕೊಂಡರೆ ಅದು ಅಪಾಯ. ಎತ್ತರ ಇಳಿಸಿದ ಬೈಕಾದರೆ ಸೈಡ್ ಸ್ಟ್ಯಾಂಡಿನಲ್ಲಿ ಅದು ತೀರಾ ನೆಟ್ಟಗೆ ನಿಲ್ಲುತ್ತದೆ, ಮುಂದಿನ ಫೋರ್ಕಿನ ಕೊಳವೆ ಮೇಲಿನ ಕ್ಲ್ಯಾಂಪಿನಿಂದ ಹೆಚ್ಚು ಹೊರಗೆ ಬಂದಿರುತ್ತದೆ. ಕುಳ್ಳಗಿರುವವರಿಗೆ ಅನುಕೂಲ ನಿಜ, ಆದರೆ ಹಿಂದಿನ ಸಸ್ಪೆನ್ಶನ್ನಿನ ಲಿಂಕ್ ಬದಲಾಯಿಸಿದ್ದು, ಮೂಲ ಲಿಂಕ್ ಕೊಡದಿದ್ದರೆ ಅದರ ಬೆಲೆ ಕಳೆಯಿರಿ.

ದೊಡ್ಡ ಬೈಕುಗಳಲ್ಲಿ, ಉದಾಹರಣೆಗೆ ಬಿಎಂಡಬ್ಲ್ಯು ಜಿಎಸ್, ಕ್ರೂಸ್ ಕಂಟ್ರೋಲ್, ಬಿಸಿ ಹಿಡಿಕೆಗಳು, ಎಲೆಕ್ಟ್ರಾನಿಕ್ ಸಸ್ಪೆನ್ಶನ್ ವೇರಿಯಂಟ್ ಜೊತೆ ಬರುತ್ತವೆ, ಆಮೇಲೆ ಹಾಕಿಸುವುದು ದುಬಾರಿ. ಚಾಸಿ ನಂಬರ್ ಕೊಟ್ಟು ಅಧಿಕೃತ ಡೀಲರ್ ಬಳಿ ಫ್ಯಾಕ್ಟರಿ ಆಪ್ಷನ್‌ಗಳ ವಿವರ ಕೇಳುವುದೇ ನೇರ ದಾರಿ.

ಶೋರೂಮ್ ಫಿಟ್ಟಿಂಗಿಗೆ ಬಿಲ್ ಬೇಕು. ರಾಯಲ್ ಎನ್‌ಫೀಲ್ಡಿನಲ್ಲಿ "ಮೇಕ್ ಇಟ್ ಯುವರ್ಸ್" ಮೂಲಕ ಬುಕ್ ಮಾಡುವಾಗಲೇ ಸೇರಿಸಿದ ಆಕ್ಸೆಸರಿಗೂ ಬಿಲ್ ಇರುತ್ತದೆ. ಇನ್ನೊಂದು ಒಳ್ಳೆಯ ಪುರಾವೆ ವಿಮೆಯ ಪಾಲಿಸಿ. ಅದರಲ್ಲಿ ಎಲೆಕ್ಟ್ರಿಕಲ್ ಮತ್ತು ನಾನ್-ಎಲೆಕ್ಟ್ರಿಕಲ್ ಆಕ್ಸೆಸರಿಗೆ ಬೇರೆ ಬೇರೆ ಕಾಲಂ ಇದೆ. ಎರಡರಲ್ಲೂ ಸೊನ್ನೆ ಇದ್ದರೆ ಆ ಸಾಮಾನಿಗೆ ವಿಮೆಯ ರಕ್ಷಣೆ ಇಲ್ಲ. ಬೈಕಿನ ಐಡಿವಿ (ವಿಮೆಯವರು ಲೆಕ್ಕ ಹಿಡಿಯುವ ಬೆಲೆ) ಎರಡರಿಂದ ಮೂರು ವರ್ಷಕ್ಕೆ 30, ನಾಲ್ಕರಿಂದ ಐದು ವರ್ಷಕ್ಕೆ 50 ಶೇಕಡಾ ಇಳಿಯುವಾಗ ಆಕ್ಸೆಸರಿಗೆ ಮಾತ್ರ ಹೊಸದರ ಬೆಲೆ ಕೇಳುವುದು ಸರಿಯಲ್ಲ. ಬಿಲ್ ಇದ್ದು, ಮೂರು ವರ್ಷದೊಳಗಿನದಾಗಿ, ನನಗೂ ಬೇಕಾದ ಸಾಮಾನಾದರೆ ಬಿಲ್ಲಿನ ಮೂರನೇ ಒಂದು ಭಾಗ ಕೊಡುತ್ತೇನೆ. 12,000 ರೂಪಾಯಿಯ ಪ್ಯಾನಿಯರಿಗೆ 4,000. ಬಿಲ್ ಇಲ್ಲದ್ದಕ್ಕೆ, ನಾನು ಬಳಸದ್ದಕ್ಕೆ ಏನೂ ಇಲ್ಲ. ಮಾಲೀಕರು ಬೇಕಾದರೆ ಕಳಚಿಕೊಳ್ಳಲಿ ಅಂತ ಸ್ಪಷ್ಟವಾಗಿ ಹೇಳುತ್ತೇನೆ.

ಮುಂಗಡ ಕೊಡುವ ಮೊದಲು ಬೈಕಿನ ನಾಲ್ಕೂ ಬದಿಯ ಫೋಟೊ, ಸೀಟಿನ ಕೆಳಗಿನ ಫೋಟೊ ತೆಗೆದು, ಜೊತೆಗೆ ಬರುವ ಪ್ರತಿಯೊಂದನ್ನೂ ಬರೆದು ವಾಟ್ಸಾಪಿನಲ್ಲಿ ಕಳಿಸಿ "ಸರಿ" ಅಂತ ಉತ್ತರ ತರಿಸಿಕೊಳ್ಳಿ. ಮಾತು ಮುಗಿದು ಡೆಲಿವರಿ ದಿನಕ್ಕೆ ಫಾಗ್ ಲೈಟ್, ಮೊಬೈಲ್ ಹೋಲ್ಡರ್ ಮಾಯವಾಗುವುದು ಇದ್ದದ್ದೇ. ಕೀ ಎಣಿಸುವುದೂ ಆಗಲೇ: ಬೈಕಿನ ಎರಡು, ಟಾಪ್ ಬಾಕ್ಸಿನದು, ಪ್ಯಾನಿಯರಿನದು. ಪ್ರತಿ ಬೀಗವನ್ನೂ ಒಮ್ಮೆ ತೆಗೆದು ಹಾಕಿ ನೋಡಿ.